ಸವೆದ ಭಾಗ, ಮೂಲ ಪಾಠ

ನಮ್ಮ ದೊಡ್ಡಪ್ಪನವರ ಹಳೆಯ ಕಾರು ಮತ್ತೆ ಓಡತೊಡಗಿದ ಸುದ್ದಿ ಕೇಳಿದ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಅದಕ್ಕೆ ಬಿಡಿಭಾಗಗಳು ಎಲ್ಲಿ ಸಿಕ್ಕವು?” ಹೆಚ್ಚಿನವು ಎಲ್ಲಿಯೂ ಸಿಗಲಿಲ್ಲ ಎಂಬುದೇ ಉತ್ತರ. ಕೆಲವನ್ನು ಹುಡುಕಿದೆವು, ಕೆಲವನ್ನು ಬೇರೆ ಯಂತ್ರದ ಭಾಗಗಳಿಂದ ಹೊಂದಿಸಿಕೊಂಡೆವು, ಉಳಿದವನ್ನು ಹೊಸದಾಗಿ ಮಾಡಿಸಿದೆವು. ಮಾಡಿಸಿದೆವು ಎಂದು ಬರೆಯಲು ಒಂದು ಗಳಿಗೆ ಸಾಕು. ಮಾಡಿಸಲು ನಾಲ್ಕು ವರ್ಷ ಬೇಕಾಯಿತು. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದ ನನಗೂ ಎಂಜಿನ್ನಿಗೂ ಏನು ನಂಟು ಎಂದು ನಗುವವರಿಗಾಗಿ ಈ ಲೇಖನ. ನಂಟು ಇದೆ, ಅದನ್ನು ಮುಂದೆ ಹೇಳುತ್ತೇನೆ.

ಕಾರು 1936ರ ಮಾರಿಸ್ ಎಯ್ಟ್. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಸೈಕಲ್ ರಿಪೇರಿಯಿಂದ ಬದುಕು ಆರಂಭಿಸಿ, ಮುಂದೆ ಲಾರ್ಡ್ ನಫೀಲ್ಡ್ ಎನಿಸಿಕೊಂಡ ವಿಲಿಯಂ ಮಾರಿಸ್ ಅವರ ಕಾರ್ಖಾನೆಯದು. ನಮ್ಮ ರಸ್ತೆಗಳಲ್ಲಿ 2014ರವರೆಗೂ ಹೊಸದಾಗಿ ಇಳಿಯುತ್ತಿದ್ದ ಅಂಬಾಸಡರ್ ಕೂಡ ಮೂಲತಃ ಮಾರಿಸ್ ಆಕ್ಸ್‌ಫರ್ಡ್. ಆದ್ದರಿಂದ ನಮ್ಮ ಕಾರನ್ನು ಅದರ ಹಿರಿಯ ದಾಯಾದಿ ಎನ್ನಬಹುದು. ದೊಡ್ಡಪ್ಪನವರು ಕೊಪ್ಪದ ಕಡೆ ವೈದ್ಯರಾಗಿದ್ದರು. ಊರಿಗೆ ಮರಳುತ್ತಿದ್ದ ಕಾಫಿ ತೋಟದ ದೊರೆಯೊಬ್ಬರಿಂದ 1949ರಲ್ಲಿ ಈ ಕಾರನ್ನು ಕೊಂಡರು. ಮಳೆಗಾಲದ ರಾತ್ರಿಗಳಲ್ಲಿ ಹೆರಿಗೆಗೂ ಹಾವು ಕಚ್ಚಿದವರಿಗೂ ಇದರಲ್ಲೇ ಹೋಗಿಬರುತ್ತಿದ್ದರು. 1975ರಲ್ಲಿ ಎಂಜಿನ್ ಕೈಕೊಟ್ಟಿತು. ಕಾರು ಕೊಟ್ಟಿಗೆ ಸೇರಿತು. ಅದರ ಮೇಲೆ ಅಡಕೆ ಚೀಲ, ಕೊನೆಗೆ ಕೋಳಿಗೂಡು ಬಂದವು.

ಇದರ ಹೆಸರಿನ ‘ಎಯ್ಟ್’, ಅಂದರೆ ಎಂಟು, ಎಂಜಿನ್ನಿನ ನಿಜವಾದ ಶಕ್ತಿಯಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಕಾರಿನ ತೆರಿಗೆಯನ್ನು ಸಿಲಿಂಡರಿನ ಅಗಲದಿಂದ ಲೆಕ್ಕ ಹಾಕುತ್ತಿದ್ದರು. ಅಂಗುಲದಲ್ಲಿ ಅಳೆದ ವ್ಯಾಸದ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ 2.5ರಿಂದ ಭಾಗಿಸಬೇಕು. ನಮ್ಮ ಕಾರಿನ ಸಿಲಿಂಡರ್ ವ್ಯಾಸ 57 ಮಿಲಿಮೀಟರ್, ಸಿಲಿಂಡರುಗಳು ನಾಲ್ಕು. ಲೆಕ್ಕ ಹಾಕಿದರೆ ಎಂಟಕ್ಕಿಂತ ಒಂದು ಕೂದಲೆಳೆ ಹೆಚ್ಚು ಬರುತ್ತದೆ. ಪಿಸ್ಟನ್ ಎಷ್ಟು ದೂರ ಓಡುತ್ತದೆ ಎಂಬುದಕ್ಕೆ ತೆರಿಗೆಯಿರಲಿಲ್ಲ. ಆದ್ದರಿಂದ ಕಾರ್ಖಾನೆಗಳವರು ಸಿಲಿಂಡರನ್ನು ಕಿರಿದಾಗಿಸಿ ಉದ್ದ ಮಾಡಿದರು. ಇದರಲ್ಲಿ ಆ ಓಟ 90 ಮಿಲಿಮೀಟರ್, ಒಟ್ಟು ಗಾತ್ರ 918 ಸಿ.ಸಿ. ತೆರಿಗೆಯ ಕಾಯಿದೆ ಕಬ್ಬಿಣದ ಆಕಾರವನ್ನೇ ನಿರ್ಧರಿಸಿದ ಈ ಸಂಗತಿಯನ್ನು ಗಣಿತದ ಮೇಷ್ಟ್ರುಗಳು ತರಗತಿಯಲ್ಲಿ ಹೇಳಬಹುದು.

2017ರಲ್ಲಿ ದೊಡ್ಡಪ್ಪನವರ ಮಗ, ನನ್ನ ಅಣ್ಣ, ನೌಕರಿಯಿಂದ ನಿವೃತ್ತನಾಗಿ ಊರಿಗೆ ಬಂದವನೇ ಕೋಳಿಗೂಡನ್ನು ಇಳಿಸಿದ. ಮನೆಯಲ್ಲಿ ಸಣ್ಣ ಸಭೆಯೇ ನಡೆಯಿತು. ಮುಂಬಯಿಯ ಒಬ್ಬರು ಇದ್ದಂತೆಯೇ ಕೊಳ್ಳಲು ಸಿದ್ಧರಿದ್ದರು. ಅಳಿಯಂದಿರೊಬ್ಬರು, “ಮಾರುತಿ ಎಂಜಿನ್ ಹಾಕಿಸಿ, ಭಾವ. ತಿಂಗಳಲ್ಲಿ ರಸ್ತೆಗೆ ಬರುತ್ತದೆ, ಭಾಗಗಳು ತಾಲ್ಲೂಕಿನಲ್ಲೇ ಸಿಗುತ್ತವೆ” ಎಂದರು. ಆ ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ. ಬಹಳ ಮಂದಿ ಹಾಗೆಯೇ ಮಾಡಿಸುತ್ತಾರೆ. ಆಗ ಎಂಬತ್ತೇಳು ವರ್ಷದ ದೊಡ್ಡಮ್ಮ ಜಗಲಿಯಿಂದಲೇ ಹೇಳಿದರು: “ಬೇರೆ ಎಂಜಿನ್ ಹಾಕಿದರೆ ಸದ್ದು ಬೇರೆ ಆಗ್ತದಲ್ಲ? ರಾತ್ರಿ ಅವರು ಬಂದದ್ದು ನನಗೆ ಗೊತ್ತಾಗ್ತಾ ಇದ್ದದ್ದೇ ಸದ್ದಿನಿಂದ. ಘಟ್ಟದ ತಿರುವಿನಲ್ಲಿ ಕೇಳಿದರೆ ಅನ್ನಕ್ಕಿಡುತ್ತಿದ್ದೆ.” ಅಣ್ಣ ಮಾರುತಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಮೊದಲು ಎಂಜಿನ್ನನ್ನು ನಗರದ ಒಂದು ವರ್ಕ್‌ಶಾಪಿಗೆ ಕೊಟ್ಟೆವು. ಅವರು ಎಂಟು ತಿಂಗಳು ಇಟ್ಟುಕೊಂಡು, ಬಿಚ್ಚಿ, ಭಾಗಗಳನ್ನು ಮೂರು ಗೋಣಿಚೀಲದಲ್ಲಿ ತುಂಬಿ ಮರಳಿಸಿದರು. ಅನೇಕ ಬೋಲ್ಟುಗಳು ಕಾಣೆಯಾಗಿದ್ದವು. ಆ ಚೀಲಗಳು ಕೊನೆಗೆ ಹೋಗಿ ಸೇರಿದ್ದು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಲೇತ್ ಇಟ್ಟುಕೊಂಡಿರುವ ನನ್ನ ಹಳೆಯ ಶಿಷ್ಯನೊಬ್ಬನ ಅಂಗಡಿಗೆ. ಹೆಸರು ಬರೆಯಬಾರದೆಂದು ಅವನೇ ಕೇಳಿಕೊಂಡಿದ್ದಾನೆ. ಹತ್ತನೆಯ ತರಗತಿಯಲ್ಲಿ ಕಡೆಯ ಬೆಂಚಿನಲ್ಲಿ ಕುಳಿತು ಕಾಂಪಾಸ್ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸುತ್ತಿದ್ದವನು ಎಂದರೆ ಅವನ ಸಹಪಾಠಿಗಳಿಗೆ ಗೊತ್ತಾಗುತ್ತದೆ.

ಅವನಿಗೆ ಎದುರಾದ ಮೊದಲ ಒಗಟು ಬೋಲ್ಟಿನದು. ಸ್ಪ್ಯಾನರ್ ನೋಡಿದರೆ ಇಂಗ್ಲಿಷ್ ವಿಟ್‌ವರ್ತ್ ಅಳತೆಯದೇ ಸರಿಹೊಂದುತ್ತಿತ್ತು. ಆದರೆ ಆ ಅಳತೆಯ ನಟ್ಟು ಎರಡು ಸುತ್ತು ಹೋಗಿ ಬಿಗಿಯುತ್ತಿತ್ತು. ಮಿಲಿಮೀಟರಿನ ನಟ್ಟು ಹಾಕಿದರೆ ಅದೂ ಬಿಗಿಯುತ್ತಿತ್ತು. “ತಲೆ ಒಂದು ದೇಶದ್ದು, ಮೈ ಇನ್ನೊಂದು ದೇಶದ್ದು, ಸಾರ್” ಎಂದ. ಅವನ ಮಾತು ಅಕ್ಷರಶಃ ನಿಜವೆಂದು ಆಮೇಲೆ ತಿಳಿಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಹಾಚ್ಕಿಸ್ ಎಂಬ ಫ್ರೆಂಚ್ ಕಂಪನಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಬಂದೂಕಿನ ಕಾರ್ಖಾನೆ ತೆರೆದಿತ್ತು. ಯುದ್ಧ ಮುಗಿದ ಮೇಲೆ ಅದು ಮಾರಿಸ್ ಕಾರುಗಳಿಗೆ ಎಂಜಿನ್ ಮಾಡಿಕೊಡತೊಡಗಿತು. 1923ರಲ್ಲಿ ಮಾರಿಸ್ ಅವರು ಅದನ್ನು ಕೊಂಡುಕೊಂಡರು. ಅಲ್ಲಿನ ಯಂತ್ರಗಳೆಲ್ಲ ಫ್ರೆಂಚ್ ಮಿಲಿಮೀಟರ್ ಅಳತೆಯವು. ಅವನ್ನು ಬಿಸಾಡುವ ಬದಲು ಮರೆಯನ್ನು ಮಿಲಿಮೀಟರಿನಲ್ಲೇ ಕೊರೆದು, ಇಂಗ್ಲಿಷ್ ಮೆಕ್ಯಾನಿಕ್ಕುಗಳ ಸ್ಪ್ಯಾನರಿಗೆ ಹೊಂದುವಂತೆ ತಲೆಯನ್ನು ವಿಟ್‌ವರ್ತ್ ಮಾಡಿದರು. ಮರೆಯೂ ನಾವು ಬಳಸುವಂಥದಲ್ಲ: ನಮ್ಮ ಪೇಟೆಯ 8 ಮಿಲಿಮೀಟರ್ ಬೋಲ್ಟಿನಲ್ಲಿ ಎಳೆಯಿಂದ ಎಳೆಗೆ 1.25 ಮಿಲಿಮೀಟರ್ ಅಂತರವಿದ್ದರೆ ಅದರಲ್ಲಿ 1 ಮಿಲಿಮೀಟರ್. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಾಗಲಿ ಶಿವಾಜಿನಗರದ ಗುಜರಿಯಲ್ಲಾಗಲಿ ಅಂಥ ಬೋಲ್ಟು ಸಿಗಲಿಲ್ಲ. ನಮ್ಮ ಹುಡುಗ ಆ ಅಳತೆಯ ಟ್ಯಾಪು ಮತ್ತು ಡೈ ತರಿಸಿ, ಗಟ್ಟಿ ಉಕ್ಕಿನ ಷಟ್ಕೋನ ಸಲಾಕೆಯಿಂದ ಒಂದೊಂದನ್ನೂ ಲೇತಿನಲ್ಲಿ ಮಾಡಿದ.

ಪಿಸ್ಟನ್ನುಗಳದು ಇನ್ನೊಂದು ಕಥೆ. ಸ್ವಾತಂತ್ರ್ಯದ ನಂತರ ನಮ್ಮ ದೇಶದಲ್ಲಿ ‘ಬೇಬಿ ಹಿಂದೂಸ್ತಾನ್’ ಎಂಬ ಕಾರು ಬಂದಿತ್ತು. ಅದು ಮಾರಿಸ್ ಮೈನರ್. ಮೊದಲ ಮೈನರಿನಲ್ಲಿದ್ದದ್ದು ಇದೇ ವಂಶದ 918 ಸಿ.ಸಿ. ಎಂಜಿನ್. ಆ ಜಾಡನ್ನು ಹಿಡಿದು ಹೋದ ಅಣ್ಣನಿಗೆ ಜೆ.ಸಿ. ರಸ್ತೆಯ ಹಳೆಯ ಅಂಗಡಿಯೊಂದರ ಅಟ್ಟದಲ್ಲಿ ಮೇಣದ ಕಾಗದ ಸುತ್ತಿದ, ಒಮ್ಮೆಯೂ ಬಳಸದ ಪಿಸ್ಟನ್ನುಗಳು ಸಿಕ್ಕವು. ಬೇಕಾದದ್ದು ನಾಲ್ಕು, ಸಿಕ್ಕಿದ್ದು ಎರಡು. ಅವು ಮೂಲಕ್ಕಿಂತ 40 ತೌ ದೊಡ್ಡವು. ತೌ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗ. ನಮ್ಮ ಸಿಲಿಂಡರುಗಳು ಆ ಅಳತೆಯನ್ನೂ ದಾಟಿ ಸವೆದಿದ್ದುದರಿಂದ 60 ತೌಗೆ ಕೊರೆಯಿಸಬೇಕಾಗಿತ್ತು. ಬಜಾಜ್ ಚೇತಕ್ ಸ್ಕೂಟರಿನ ಪಿಸ್ಟನ್ನಿನ ಅಳತೆಯೂ 57 ಮಿಲಿಮೀಟರೇ ಎಂದು ನಮ್ಮ ಹುಡುಗನಿಗೆ ಹೊಳೆದಾಗ ಒಂದು ಸಂಜೆಯ ಮಟ್ಟಿಗೆ ಎಲ್ಲರಿಗೂ ಸಂತೋಷವಾಯಿತು. ಆದರೆ ಸ್ಕೂಟರಿನದು ಎರಡು ಸ್ಟ್ರೋಕಿನ ಎಂಜಿನ್. ಅದರ ಪಿಸ್ಟನ್ನಿಗೆ ಎಣ್ಣೆಯನ್ನು ಕೆರೆದು ಕೆಳಗಿಳಿಸುವ ರಿಂಗ್ ಇರುವುದಿಲ್ಲ, ಪಿನ್ನಿನಿಂದ ತಲೆಯವರೆಗಿನ ಎತ್ತರವೂ ಬೇರೆ. ಅಗಲವೊಂದೇ ಹೊಂದಿದರೆ ಸಾಲದು.

ಇಲ್ಲಿ ನನ್ನ ಕನ್ನಡಕ್ಕೆ ಪ್ರವೇಶ ದೊರೆಯಿತು. ಸವೆದ ಭಾಗವನ್ನು ಅಳೆದು ಅದರಂತೆಯೇ ಹೊಸದನ್ನು ಮಾಡಿದರೆ, ನಾವು ನಕಲು ಮಾಡುವುದು ಭಾಗವನ್ನಲ್ಲ, ಸವೆತವನ್ನು. ಓಲೆಗರಿಯ ಕಾವ್ಯವನ್ನು ಸಂಪಾದಿಸುವ ವಿದ್ವಾಂಸರ ಕಷ್ಟವೂ ಇದೇ. ಕವಿ ಬರೆದ ಪ್ರತಿ ಕೈಯಲ್ಲಿಲ್ಲ. ಇರುವುದು ನಕಲಿನ ನಕಲು. ಹುಳು ತಿಂದದ್ದು, ಲಿಪಿಕಾರನ ಕೈತಪ್ಪು ಸೇರಿದ್ದು. ಒಂದೇ ಪ್ರತಿಯನ್ನು ನಂಬಿದರೆ ಅದರ ತಪ್ಪೂ ಪಾಠವಾಗಿಬಿಡುತ್ತದೆ. ಆದ್ದರಿಂದ ಹಲವು ಪ್ರತಿಗಳನ್ನು ಹೋಲಿಸಿ, ಒಂದರಲ್ಲಿ ಅಳಿಸಿದ್ದನ್ನು ಇನ್ನೊಂದರಿಂದ ತುಂಬಿಕೊಂಡು, ಮೂಲ ಹೀಗಿದ್ದಿರಬೇಕು ಎಂದು ನಿರ್ಣಯಿಸುತ್ತಾರೆ. ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ವಿವರಿಸಿದ ಶಾಸ್ತ್ರ ಅದು. ಒಂದು ಭಾನುವಾರ ಆಟೋ ಕಾಂಪ್ಲೆಕ್ಸಿನಲ್ಲಿ ಚಹಾ ಕುಡಿಯುತ್ತ ಇದನ್ನು ಹೇಳಿದೆ. ಹುಡುಗ ಲೋಟವನ್ನು ಕೆಳಗಿಟ್ಟು, “ಹಾಗಾದರೆ ನಮ್ಮ ಹತ್ತಿರ ಎಂಟು ಪ್ರತಿ ಇವೆ, ಸಾರ್” ಎಂದ.

ಅವನು ಹೇಳಿದ್ದು ವಾಲ್ವುಗಳ ವಿಚಾರ. ನಾಲ್ಕು ಸಿಲಿಂಡರಿಗೆ ಎಂಟು ವಾಲ್ವು. ಎಂಟರ ಕಡ್ಡಿಯೂ ಸವೆದಿತ್ತು, ಆದರೆ ಒಂದೊಂದೂ ಒಂದೊಂದು ಕಡೆ. ಕಡ್ಡಿಯು ಗೈಡಿನೊಳಗೆ ಉಜ್ಜಾಡುವ ಭಾಗ ಮಾತ್ರ ಸವೆಯುತ್ತದೆ. ಗೈಡನ್ನು ಎಂದೂ ಮುಟ್ಟದ ಒಂದು ಸಣ್ಣ ಪಟ್ಟಿ ಹುಟ್ಟಿದಾಗಿನಂತೆಯೇ ಉಳಿದಿರುತ್ತದೆ. ಅವನು ಪ್ರತಿಯೊಂದನ್ನೂ ಮೈಕ್ರೋಮೀಟರಿನಲ್ಲಿ ಹತ್ತು ಕಡೆ ಅಳೆದು ಪಟ್ಟಿ ಮಾಡಿದ. ಎಂಟೂ ಪ್ರತಿಗಳು ಎಲ್ಲಿ ಒಮ್ಮತದಿಂದ ಒಂದೇ ಅಳತೆ ಹೇಳಿದವೋ ಅದು ಮೂಲ ಪಾಠ. ಮುಂದಿನ ಕೆಲಸ ಸುಲಭವಾಯಿತು. ತುಸು ದೊಡ್ಡದಾದ ಬೇರೆ ಎಂಜಿನ್ನಿನ ಹೊಸ ವಾಲ್ವುಗಳನ್ನು ತಂದು, ತಲೆಯನ್ನು ಇಳಿಸಿ, ಕಡ್ಡಿಯನ್ನು ಗ್ರೈಂಡ್ ಮಾಡಿಸಿ, ಸ್ಪ್ರಿಂಗ್ ಹಿಡಿದಿಡುವ ಗಾಡಿಯನ್ನು ಕೊರೆದ.

ಪಿಸ್ಟನ್ನಿನಲ್ಲಿ ಪಾಠ ಇನ್ನೂ ಸೂಕ್ಷ್ಮವಾಗಿತ್ತು. ಅಟ್ಟದಲ್ಲಿ ಸಿಕ್ಕ ಹೊಸ ಪಿಸ್ಟನ್ನನ್ನು ಅಳೆದಾಗ ಅದು ದುಂಡಗಿರಲಿಲ್ಲ. ಪಿನ್ನಿನ ದಿಕ್ಕಿನಲ್ಲಿ ಕೆಲವು ತೌ ಕಡಿಮೆ, ತಲೆಯ ಬಳಿ ಇನ್ನೂ ಕಡಿಮೆ. ಬಳಸದ ವಸ್ತುವಿಗೆ ಸವೆತವೆಲ್ಲಿಂದ? ಅದು ತಪ್ಪಲ್ಲ, ಉದ್ದೇಶ. ಪಿನ್ನಿನ ಸುತ್ತ ಲೋಹ ದಪ್ಪವಿರುವುದರಿಂದ ಕಾದಾಗ ಆ ದಿಕ್ಕಿಗೆ ಹೆಚ್ಚು ಹಿಗ್ಗುತ್ತದೆ. ತಲೆ ಬೆಂಕಿಗೆ ಹತ್ತಿರವಿರುವುದರಿಂದ ಅದೂ ಹೆಚ್ಚು ಹಿಗ್ಗುತ್ತದೆ. ತಣ್ಣಗಿದ್ದಾಗ ಸೊಟ್ಟಗಿದ್ದು ಬಿಸಿಯಾದಾಗ ದುಂಡಗಾಗಲಿ ಎಂದು ಮಾಡಿದ್ದು. ಲಿಪಿಕಾರನ ತಪ್ಪೆಂದು ತಿದ್ದಹೊರಟ ಪದವೇ ಕವಿಯ ಪ್ರಯೋಗವಾಗಿರುವುದುಂಟು. ತಿದ್ದುವವನು ಅದಕ್ಕೇ ಅವಸರಪಡಬಾರದು. ಅಣ್ಣ ಆ ಎರಡನ್ನು ಮಾದರಿಯಾಗಿ ಹಿಡಿದು ಕೊಯಮತ್ತೂರಿಗೆ ಹೋದ. ಸಣ್ಣ ಪ್ರಮಾಣದಲ್ಲಿ ಪಿಸ್ಟನ್ ಮಾಡಿಕೊಡುವ ಘಟಕದವರು ಇಪ್ಪತ್ತೈದಕ್ಕಿಂತ ಕಡಿಮೆ ಮಾಡುವುದಿಲ್ಲ ಎಂದರು. ಮಾತಾಡಿ ಮಾತಾಡಿ ಹನ್ನೆರಡಕ್ಕೆ ಒಪ್ಪಿಸಿದ. ಬಂದ ಹನ್ನೆರಡನ್ನೂ ಶಿವಮೊಗ್ಗದ ಗಾಂಧಿಬಜಾರಿನ ಚಿನ್ನಬೆಳ್ಳಿ ಅಂಗಡಿಗೆ ಒಯ್ದು ತೂಗಿಸಿದೆವು. ನಾಲ್ಕರ ತೂಕ ಒಂದೇ ಸಮ ಇರದಿದ್ದರೆ ಎಂಜಿನ್ ನಡುಗುತ್ತದೆ. ಎರಡು ಗ್ರಾಮಿನೊಳಗೆ ಹೊಂದುವ ನಾಲ್ಕನ್ನು ಆರಿಸಿಕೊಂಡೆವು. ಅಂಗಡಿಯವರು ಕೂಲಿ ಕೇಳಲಿಲ್ಲ. ಇದನ್ನು ಯಾರ ಮದುವೆಗೆ ಮಾಡಿಸಿದಿರಿ ಎಂದು ಮಾತ್ರ ಕೇಳಿದರು.

ಎಲ್ಲಕ್ಕಿಂತ ಕಷ್ಟವಾದದ್ದು ಬೇರಿಂಗ್. ಈಗಿನ ಎಂಜಿನ್ನುಗಳಲ್ಲಿ ಅಂಗಡಿಯಿಂದ ತಂದು ಕೂರಿಸುವ ತೆಳುವಾದ ಬೇರಿಂಗ್ ಚಿಪ್ಪುಗಳಿರುತ್ತವೆ. ನಮ್ಮ ಮಾರಿಸ್ಸಿನಲ್ಲಿ ಹಾಗಲ್ಲ. ಕನೆಕ್ಟಿಂಗ್ ರಾಡಿನ ಬಾಯಿಗೆ ವೈಟ್ ಮೆಟಲ್ ಎಂಬ ಮೆತ್ತನೆಯ ಲೋಹವನ್ನು ಕರಗಿಸಿ ಎರಕ ಹೊಯ್ದಿರುತ್ತಾರೆ. ಹೆಚ್ಚು ಪಾಲು ತವರ, ಜೊತೆಗೆ ಆಂಟಿಮನಿ ಮತ್ತು ತಾಮ್ರ. ಎಣ್ಣೆ ಕಡಿಮೆಯಾದರೆ ಈ ಲೋಹ ತಾನು ಕರಗಿ, ಬೆಲೆಬಾಳುವ ಕ್ರ್ಯಾಂಕ್ ಶಾಫ್ಟನ್ನು ಉಳಿಸುತ್ತದೆ. 1975ರಲ್ಲಿ ಕೈಕೊಟ್ಟದ್ದು ಇದೇ. ಅದನ್ನು ಹೊಯ್ಯಬಲ್ಲವರನ್ನು ಹುಡುಕುವುದರಲ್ಲಿಯೇ ಒಂದು ವರ್ಷ ಕಳೆಯಿತು. ಕೊನೆಗೆ ಭದ್ರಾವತಿಯಲ್ಲಿ ಒಬ್ಬ ಹಿರಿಯರು ಸಿಕ್ಕರು. ಮಲೆನಾಡಿನ ಅಕ್ಕಿ ಗಿರಣಿಗಳ ಆಯಿಲ್ ಎಂಜಿನ್ನುಗಳಿಗೂ ಕಬ್ಬಿನ ಗಾಣಗಳಿಗೂ ಬೇರಿಂಗ್ ಹೊಯ್ದು ಬದುಕಿದವರು. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಗಿರಣಿಗಳಿಗೆ ವಿದ್ಯುತ್ ಮೋಟಾರು ಬಂದ ಮೇಲೆ ಕೆಲಸ ನಿಂತಿತ್ತು. ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ವಯಸ್ಸು ಎಪ್ಪತ್ತೆಂಟು, ಒಂದು ಕಣ್ಣಿಗೆ ಪೊರೆ. “ನಾನು ಹೊಯ್ಯುವುದಿಲ್ಲ, ಕೈ ನಡುಗುತ್ತದೆ. ಈ ಹುಡುಗ ಹೊಯ್ಯಲಿ, ನಾನು ಕುಳಿತು ಹೇಳುತ್ತೇನೆ” ಎಂದರು.

ಅವರು ಹೇಳಿಕೊಟ್ಟದ್ದರಲ್ಲಿ ಅರ್ಧ ನಮ್ಮ ಅಡುಗೆಮನೆಯ ವಿದ್ಯೆ. ರಾಡಿನ ಬಾಯನ್ನು ಉಜ್ಜಿ, ಕಾಯಿಸಿ, ನವಸಾಗರ ಹಾಕಿ ಮೊದಲು ಕಲಾಯಿ ಮಾಡಬೇಕು. ಹಿತ್ತಾಳೆ ಪಾತ್ರೆಗೆ ಮಾಡುತ್ತಿದ್ದ ಅದೇ ಕಲಾಯಿ. ಅದಿಲ್ಲದೆ ಲೋಹ ಲೋಹವನ್ನು ಹಿಡಿಯುವುದಿಲ್ಲ. ನಡುವೆ ನಿಲ್ಲಿಸುವ ಉಕ್ಕಿನ ದಿಂಡಿಗೆ ದೀಪದ ಮಸಿ ಹಿಡಿಸಬೇಕು, ಅಲ್ಲಿ ಅಂಟಬಾರದು. ರಾಡೂ ದಿಂಡೂ ಮೊದಲೇ ಬಿಸಿಯಾಗಿರಬೇಕು. ಕರಗಿದ ಲೋಹದಲ್ಲಿ ಮಡಿಸಿದ ಪತ್ರಿಕೆಯ ಚೂರನ್ನು ಅದ್ದಿದರೆ ಕಂದಾಗಬೇಕು, ಹತ್ತಿ ಉರಿಯಬಾರದು. ಹೊಯ್ಯುವಾಗ ಧಾರೆ ಕಡಿಯಬಾರದು. ಕಡಿದರೆ ಆ ಜಾಗದಲ್ಲಿ ಕಣ್ಣಿಗೆ ಕಾಣದ ಬಿರುಕು ನಿಲ್ಲುತ್ತದೆ. ಆರಿದ ಮೇಲೆ ರಾಡನ್ನು ದಾರದಲ್ಲಿ ತೂಗುಬಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನುಡಿಯಬೇಕು. ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿಟ್ಟರೆ ಅಂಚಿನಿಂದ ಮತ್ತೆ ಎಣ್ಣೆ ಜಿನುಗಬಾರದು. ಮೊದಲ ದಿನ ಹೊಯ್ದ ನಾಲ್ಕರಲ್ಲಿ ಮೂರು ಮಂಕಾಗಿ ನುಡಿದವು. ಉಸ್ತಾದರು ಬಯ್ಯಲಿಲ್ಲ, “ಕರಗಿಸು, ಮತ್ತೆ ಹೊಯ್ಯಿ. ಈ ಲೋಹಕ್ಕೆ ಸಿಟ್ಟಿಲ್ಲ” ಎಂದರು. ಐದನೆಯ ಭೇಟಿಯಲ್ಲಿ ನಾಲ್ಕೂ ನುಡಿದವು. ಆಮೇಲೆ ಲೇತಿನಲ್ಲಿ ಕೊರೆದು, ಶಾಫ್ಟಿಗೆ ನೀಲಿ ಬಣ್ಣ ಸವರಿ, ಬಣ್ಣ ತಗಲಿದ ಉಬ್ಬುಗಳನ್ನು ಕೈಯಿಂದ ಕೆರೆದು ಕೂರಿಸಲು ಹನ್ನೊಂದು ದಿನ ಹಿಡಿಯಿತು.

ಹೊಗೆ ಹೊರಹೋಗುವ ಎರಕದ ಕೊಳವೆ, ಎಗ್ಸಾಸ್ಟ್ ಮ್ಯಾನಿಫೋಲ್ಡ್, ಎರಡು ಕಡೆ ಸೀಳಿತ್ತು. ಹಳೆಯದನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ಹೊಯ್ದರಾಯಿತಲ್ಲ ಎಂದು ನಾನು ಕೇಳಿದೆ. ಕರಗಿದ ಎರಕದ ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆಯಂತೆ. ಒಂದು ಅಡಿಗೆ 3 ಮಿಲಿಮೀಟರ್. ಬೋಲ್ಟಿನ ತೂತುಗಳು ಎಂಜಿನ್ನಿನ ತೂತುಗಳಿಗೆ ಹೊಂದುವುದೇ ಇಲ್ಲ. ಅದಕ್ಕಾಗಿ ಎರಕದ ಮಾದರಿ ಮಾಡುವ ಬಡಗಿಗಳ ಬಳಿ ಬೇರೆಯೇ ಅಳತೆಗೋಲು ಇರುತ್ತದೆ; ಅದರ ಒಂದು ಅಡಿ ನಿಜವಾದ ಅಡಿಗಿಂತ ಅಷ್ಟೇ ಉದ್ದ. ಮುಂದಾಗುವ ಕುಗ್ಗುವಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದ ಅಡಿಗೋಲು! ನಮ್ಮೂರಿನ ಆಚಾರಿಯವರು ಸಾಗುವಾನಿಯಲ್ಲಿ ಮಾದರಿ ಕೆತ್ತಿಕೊಟ್ಟರು, ಶಿವಮೊಗ್ಗದ ಫೌಂಡ್ರಿಯಲ್ಲಿ ಎರಕವಾಯಿತು.

ತಲೆಯ ಗ್ಯಾಸ್ಕೆಟ್ ಒಂದನ್ನು ಮಾತ್ರ ಇಂಗ್ಲೆಂಡಿನಿಂದ ತರಿಸಿದೆವು. ಅಲ್ಲಿ ಯುದ್ಧಪೂರ್ವದ ಮಾರಿಸ್ ಕಾರುಗಳಿಗೆಂದೇ ಮಾರಿಸ್ ರಿಜಿಸ್ಟರ್ ಎಂಬ ಸಂಘವಿದೆ. ಎಲ್ಲವನ್ನೂ ಅಲ್ಲಿಂದಲೇ ತರಿಸಬಹುದಿತ್ತಲ್ಲ ಎನ್ನುವವರಿಗೆ ಅಣ್ಣನ ಪಿಂಚಣಿಯ ಲೆಕ್ಕವೇ ಉತ್ತರ. ಇನ್ನೊಂದು ಉತ್ತರವೂ ಉಂಟು. ತರಿಸಿದ ಭಾಗ ಬರುತ್ತದೆ, ಕೂರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಮಾಡಿದ ಭಾಗ ಮಾಡುವವನನ್ನು ಉಳಿಸಿಹೋಗುತ್ತದೆ.

2021ರ ಫೆಬ್ರುವರಿಯಲ್ಲಿ ಎಂಜಿನ್ ಚಾಲೂ ಆಯಿತು. ದೊಡ್ಡಮ್ಮನನ್ನು ಜಗಲಿಗೆ ಕರೆತಂದು ಕೂರಿಸಿದ್ದೆವು. ಬಹಳ ಹೊತ್ತು ಕೇಳಿ, “ಇಷ್ಟು ಮೆತ್ತಗಿರಲಿಲ್ಲ ಕಣೋ. ಆಗ ಟಕಟಕ ಅಂತಿತ್ತು” ಎಂದರು. ಅಣ್ಣನ ಮುಖ ಸಪ್ಪೆಯಾಯಿತು. ನಮ್ಮ ಲೇತಿನ ಹುಡುಗ ಮಾತ್ರ ನಕ್ಕ. ಆ ಟಕಟಕ ಸವೆದ ಬೇರಿಂಗಿನದು. ದೊಡ್ಡಪ್ಪನವರು ಕೊಳ್ಳುವ ಹೊತ್ತಿಗೇ ಕಾರಿಗೆ ಹದಿಮೂರು ವರ್ಷ. ದೊಡ್ಡಮ್ಮ ಕೇಳುತ್ತ ಬಂದದ್ದು ಮೊದಲಿನಿಂದಲೂ ಸವೆದ ಪ್ರತಿಯನ್ನೇ. ನಾವು ಮೂಲವನ್ನು ತಲುಪಿದ್ದೆವು, ಅವರ ನೆನಪಿನ ಪಾಠ ಮಾತ್ರ ಅದಾಗಿರಲಿಲ್ಲ. ಎರಡರಲ್ಲಿ ಯಾವುದು ನಿಜವೆಂದು ಕೇಳಿದರೆ ಗ್ರಂಥಸಂಪಾದನೆಯ ಶಾಸ್ತ್ರದಲ್ಲಿ ಉತ್ತರವಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದೊಡ್ಡಮ್ಮ, “ಇರಲಿ, ಅಭ್ಯಾಸವಾಗ್ತದೆ” ಎಂದು ಒಳಗೆ ಹೋದರು.

ಕೆಲಸ ಮುಗಿಯಿತೆಂದು ಹೇಳುವಂತಿಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲನ್ನು ಬಿಡುಗಡೆ ಮಾಡಿದರು; ಈಗ ಎಲ್ಲೆಡೆ ಅದೇ. ಕಾರ್ಬುರೇಟರಿನ ಹಳೆಯ ರಬ್ಬರಿಗೂ ಬೆಂಡಿನ ಬಿಲ್ಲೆಗಳಿಗೂ ಅದು ಆಗಿಬರುವುದಿಲ್ಲ. ಹುಡುಗ ಈಗ ಅವುಗಳಿಗೆ ಬದಲಿ ಹುಡುಕುತ್ತಿದ್ದಾನೆ. ಉಸ್ತಾದರು 2022ರಲ್ಲಿ ಕೆಲಸವನ್ನು ಪೂರ್ತಿ ಬಿಟ್ಟರು. ಅದಾದ ಮೇಲೆ ಚಿಕ್ಕಮಗಳೂರಿನ ಎರಡು ಹಳೆಯ ಎಂಜಿನ್ನುಗಳ ಬೇರಿಂಗುಗಳನ್ನು ನಮ್ಮ ಹುಡುಗ ಒಬ್ಬನೇ ಹೊಯ್ದಿದ್ದಾನೆ. ಅವನಲ್ಲಿ ಒಂದು ದಪ್ಪ ನೋಟುಪುಸ್ತಕವಿದೆ. ಪ್ರತಿ ಭಾಗಕ್ಕೂ ಮೂರು ಕಲಮು: ಸವೆದ ಅಳತೆ, ನಿರ್ಧರಿಸಿದ ಮೂಲ ಅಳತೆ, ಹಾಗೆ ನಿರ್ಧರಿಸಲು ಕಾರಣ. ಮೂರನೆಯ ಕಲಮು ನನ್ನ ಒತ್ತಾಯದಿಂದ ಬಂದದ್ದು. ಅದರಲ್ಲಿ ಒತ್ತಕ್ಷರದ ತಪ್ಪುಗಳು ಹೇರಳವಾಗಿವೆ. ಅಳತೆಯಲ್ಲಿ ಒಂದೂ ಇಲ್ಲ.

ಕೊಯಮತ್ತೂರಿನಿಂದ ಬಂದ ಹನ್ನೆರಡು ಪಿಸ್ಟನ್ನುಗಳಲ್ಲಿ ನಾಲ್ಕು ನಮ್ಮ ಕಾರಿನಲ್ಲಿವೆ, ನಾಲ್ಕು ಕೊಡಗಿಗೆ ಹೋದವು, ನಾಲ್ಕು ಉಳಿದಿವೆ. ಈ ಬಗೆಯ ಎಂಜಿನ್ನಿನ ಕಾರು ನಿಮ್ಮ ಯಾರ ಬಂಧುಗಳ ಕೊಟ್ಟಿಗೆಯಲ್ಲಾದರೂ ಇದ್ದರೆ ನನಗೆ ತಿಳಿಸಿರಿ. ಸಿಲಿಂಡರಿನ ಅಳತೆಯನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ತೆಗೆದು ಬರೆದು ಕಳಿಸಿರಿ. ಒಂದೇ ಕಡೆ ಅಳೆದು ಕಳಿಸಿದರೆ ಹುಡುಗ ಒಪ್ಪುವುದಿಲ್ಲ.